ಹರಳಿನೊಳಗೆ ಬೆಳಕು: ಸಿ. ವಿ. ರಾಮನ್

ನಾನು ಬಿ.ಎ. ತರಗತಿಯವನು. ಇತಿಹಾಸ, ಅರ್ಥಶಾಸ್ತ್ರ ಓದುವವನು ವಿಜ್ಞಾನಿಯೊಬ್ಬರ ಜೀವನ ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ಯರಗೇರಾದ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪರೀಕ್ಷೆ ಮುಗಿದೊಡನೆ ಸರಕಾರಿ ನೌಕರಿ ಹಿಡಿಯಲೆಂಬುದು ಅಪ್ಪನ ಆಸೆ. ಇನ್ನೂ ಓದಬೇಕೆಂಬುದು ನನ್ನದು. ಈ ತೊಳಲಾಟದಲ್ಲಿದ್ದಾಗಲೇ ರಾಮನ್ನರ ಚರಿತ್ರೆ ನನ್ನ ಕೈಗೆ ಬಂದಿತು.

ರಾಮನ್ನರು 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಮುಗಿಸಿದರು. ದೇಹ ದುರ್ಬಲವೆಂದು ವೈದ್ಯರು ಇಂಗ್ಲೆಂಡಿಗೆ ಹೋಗಗೊಡಲಿಲ್ಲ. ಆಗ ಅವರು ಹಣಕಾಸು ಇಲಾಖೆಯ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಿ ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಹಗಲು ಕಚೇರಿಯ ಲೆಕ್ಕಪತ್ರ. ಬೆಳಗು ಬೈಗುಗಳಲ್ಲಿ ಬೌಬಜಾರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ. ನಡುವೆ ರಂಗೂನ್, ನಾಗಪುರಗಳಿಗೆ ವರ್ಗವಾದರೂ ಹತ್ತು ವರ್ಷ ಈ ವ್ರತ ಕೆಡಲಿಲ್ಲ. 1917ರಲ್ಲಿ ದೊಡ್ಡ ಸಂಬಳ ತೊರೆದು, ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪಿದರು.

1928ನೆಯ ಫೆಬ್ರವರಿ 28ರಂದು ಅವರ ಹೆಸರಿನ ಪರಿಣಾಮ ಬೆಳಕಿಗೆ ಬಂದಿತು. ವಸ್ತುವಿನ ಮೇಲೆ ಬಿದ್ದ ಬೆಳಕಿನಲ್ಲಿ ಅತ್ಯಲ್ಪ ಭಾಗ ಬಣ್ಣ ಬದಲಿಸಿ ಚದರುತ್ತದೆ. ಆ ಬದಲಾವಣೆಯಿಂದ ಒಳಗಿನ ಪರಮಾಣುಗಳ ಕಂಪನವನ್ನು ಅರಿಯಬಹುದು. 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಇಲ್ಲಿ ವಜ್ರ ಅವರ ಮನಸ್ಸನ್ನು ಸೆಳೆಯಿತು. ವಜ್ರದಲ್ಲಿ ಪ್ರತಿಯೊಂದು ಇಂಗಾಲದ ಪರಮಾಣುವಿಗೂ ನಾಲ್ಕು ನೆರೆಯ ಪರಮಾಣುಗಳುಂಟು. ಟ್ರಾನ್ಸಿಸ್ಟರಿನ ಸಿಲಿಕಾನ್ ಹರಳಿನ ಕಟ್ಟಡವೂ ಇದೇ. ಆದರೆ ಹರಳಿನ ಮೇಲ್ಮೈ ಪರಮಾಣು ಊರಂಚಿನ ಮನೆಯಂತೆ; ಒಂದು ಪಕ್ಕಕ್ಕೆ ನೆರೆಹೊರೆಯೇ ಇಲ್ಲ. ಅಲ್ಲಿ ಬಂಧಗಳು ಅರ್ಧಕ್ಕೆ ನಿಲ್ಲುವುದರಿಂದ ಇಲೆಕ್ಟ್ರಾನುಗಳ ನಡತೆಯೂ ಬೇರೆಯಾಗುತ್ತದೆ. ಇಂದು ಸಿಲಿಕಾನ್ ಬಿಲ್ಲೆಯ ಮೇಲ್ಪದರದಲ್ಲಿ ಪರಮಾಣುಗಳು ಎಷ್ಟು ಬಿಗಿದಿವೆ, ಎಷ್ಟು ಸಡಿಲಿವೆ ಎಂಬುದನ್ನು ಅಳೆಯಲು ರಾಮನ್ ಪರಿಣಾಮವನ್ನೇ ಬಳಸುತ್ತಾರೆ.

ಅವರು ತಪ್ಪಿದ್ದೂ ಉಂಟು. ಹರಳಿನ ಕಂಪನಗಳ ವಿಷಯದಲ್ಲಿ ಮ್ಯಾಕ್ಸ್ ಬಾರ್ನರೊಡನೆ ಬಹುಕಾಲ ವಾದಿಸಿದರು. ಕೊನೆಗೆ ನಿಂತದ್ದು ಬಾರ್ನರ ಪಕ್ಷ. ಇದರಿಂದ ನನ್ನ ಗೌರವವೇನೂ ತಗ್ಗಲಿಲ್ಲ.

1948ರಲ್ಲಿ ನಿವೃತ್ತರಾದ ಮೇಲೂ ತಾವೇ ಕಟ್ಟಿದ ಸಂಸ್ಥೆಯಲ್ಲಿ ದುಡಿದರು. 1954ರಲ್ಲಿ ಭಾರತರತ್ನರಾದರು. 1970ನೆಯ ನವೆಂಬರ್ 21ರಂದು ತೀರಿಕೊಂಡಾಗ ಆ ಸಂಸ್ಥೆಯ ತೋಟದಲ್ಲಿಯೇ ಅವರ ದಹನವಾಯಿತು.

ಈ ಕಥೆಯನ್ನು ಅಪ್ಪನಿಗೆ ಹೇಳಿದೆ. ನೌಕರಿ ಬಿಟ್ಟದ್ದು ಅವರಿಗೆ ರುಚಿಸಲಿಲ್ಲ; ನೌಕರಿ ಮಾಡುತ್ತಲೇ ಹತ್ತು ವರ್ಷ ದುಡಿದದ್ದು ಹಿಡಿಸಿತು. ನಮ್ಮಿಬ್ಬರ ರಾಜಿಯೂ ಅಲ್ಲಿಯೇ ಆಯಿತು. ಮೊದಲು ನೌಕರಿ ಹಿಡಿಯುತ್ತೇನೆ, ಪುಸ್ತಕವನ್ನು ಮಾತ್ರ ಕೆಳಗಿಡುವುದಿಲ್ಲ.