ಹಗುರ ಡಂಬೆಲ್ಸ್ ಕೊಟ್ಟ ಬಲಶಾಲಿ: ಯೂಜೆನ್ ಸ್ಯಾಂಡೋ

ಮಕ್ಕಳೇ, ತೋಳಿಲ್ಲದ ಬನಿಯನ್ನನ್ನು ಅಂಗಡಿಯಲ್ಲಿ 'ಸ್ಯಾಂಡೋ ಬನಿಯನ್' ಎಂದು ಕರೆಯುವುದನ್ನು ನೀವು ಕೇಳಿರಬಹುದು. ಸ್ಯಾಂಡೋ ಎಂಬುದು ಬಟ್ಟೆಯ ಹೆಸರಲ್ಲ. ಅದು ನೂರು ವರ್ಷಗಳ ಹಿಂದೆ ಜಗತ್ತಿನ ಅತಿ ಬಲಶಾಲಿಗಳಲ್ಲಿ ಒಬ್ಬರೆಂದು ಹೆಸರಾಗಿದ್ದ ವ್ಯಕ್ತಿಯ ಹೆಸರು. ಇಂದು ಮೊಬೈಲಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಕಠಿಣ ಕಸರತ್ತು ಮಾಡುವ ಹುಡುಗ ಹುಡುಗಿಯರು ಬಹಳ. ನಿಮಗೂ ಆ ಆಸೆ ಇದೆಯೆ? ಹಾಗಾದರೆ ಸ್ಯಾಂಡೋ ಅವರ ಬದುಕನ್ನು ಒಮ್ಮೆ ತಿಳಿಯೋಣ ಬನ್ನಿ.

ಶಿಲ್ಪಗಳನ್ನು ಕಂಡ ಬಾಲಕ

ಸ್ಯಾಂಡೋ 1867ರ ಏಪ್ರಿಲ್ 2ರಂದು ಪ್ರಷ್ಯಾ ದೇಶದ ಕೋನಿಗ್ಸ್‌ಬರ್ಗ್ ನಗರದಲ್ಲಿ ಹುಟ್ಟಿದರು. ಇಂದು ಆ ನಗರ ರಷ್ಯಾದಲ್ಲಿದೆ. ಅದರ ಈಗಿನ ಹೆಸರು ಕಲಿನಿನ್‌ಗ್ರಾಡ್. ಸ್ಯಾಂಡೋ ಎಂಬುದು ಅವರು ಮುಂದೆ ಇಟ್ಟುಕೊಂಡ ಹೆಸರು. ಚಿಕ್ಕಂದಿನಲ್ಲಿ ತಾನು ಬಡಕಲು ಹುಡುಗನಾಗಿದ್ದೆನೆಂದೂ, ತಂದೆಯೊಡನೆ ಇಟಲಿಗೆ ಹೋದಾಗ ಕಂಡ ಪ್ರಾಚೀನ ವೀರರ ಶಿಲ್ಪಗಳೇ ತನಗೆ ಸ್ಫೂರ್ತಿಯೆಂದೂ ಅವರು ಹೇಳಿಕೊಂಡಿದ್ದರು.

ಸುಮಾರು 20ನೆಯ ವಯಸ್ಸಿನಲ್ಲಿ ಅವರಿಗೆ ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ಅಟಿಲಾ ಎಂಬ ಗುರು ಸಿಕ್ಕಿದರು. ಭಾರ ಎತ್ತುವ ಕ್ರಮವನ್ನು ಅವರು ಕಲಿಸಿದರು. ಇಲ್ಲಿ ಎರಡು ವಿಷಯಗಳನ್ನು ಗಮನಿಸಿ. ಆಗ ಸ್ಯಾಂಡೋ ಬೆಳೆದ ಯುವಕ. ತಪ್ಪು ಮಾಡಿದರೆ ತಿದ್ದಲು ಗುರು ಎದುರಿಗೇ ಇದ್ದರು.

ಹೆಸರು ತಂದ ಗೆಲುವು

1889ರಲ್ಲಿ ಲಂಡನ್ನಿನ ರಂಗಮಂದಿರವೊಂದರಲ್ಲಿ ಸ್ಯಾಂಪ್ಸನ್ ಎಂಬ ಬಲಶಾಲಿಯನ್ನು ಸ್ಯಾಂಡೋ ಪಂದ್ಯದಲ್ಲಿ ಸೋಲಿಸಿದರು. ಅಲ್ಲಿಂದ ಅವರ ಕೀರ್ತಿ ಬೆಳೆಯಿತು. 1893ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಪ್ರದರ್ಶನ ನೀಡಿದರು. 1894ರಲ್ಲಿ ವಿಜ್ಞಾನಿ ಎಡಿಸನ್ ಅವರ ಸ್ಟುಡಿಯೊದಲ್ಲಿ ಕ್ಯಾಮೆರಾದ ಮುಂದೆ ನಿಂತು ಸ್ನಾಯುಗಳನ್ನು ತೋರಿಸಿದರು. ಜಗತ್ತಿನ ಮೊದಮೊದಲ ಚಲನಚಿತ್ರಗಳಲ್ಲಿ ಅದೂ ಒಂದು. 1904-05ರಲ್ಲಿ ಅವರು ಭಾರತಕ್ಕೂ ಬಂದಿದ್ದರು.

ಅಂಚೆಯಲ್ಲಿ ಬಂದ ವ್ಯಾಯಾಮ

ಸ್ಯಾಂಡೋ 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಶಾಲೆ ತೆರೆದರು, ಪುಸ್ತಕ ಬರೆದರು, ಮರುವರ್ಷ ಪತ್ರಿಕೆಯನ್ನೂ ಆರಂಭಿಸಿದರು. ದೂರದೂರಿನವರಿಗೆ ಅಂಚೆಯ ಮೂಲಕ ಪಾಠ ಮತ್ತು ಸಲಕರಣೆ ಕಳುಹಿಸಿದರು. ಜನ ತಮ್ಮ ಮನೆಯಲ್ಲೇ ವ್ಯಾಯಾಮ ಮಾಡತೊಡಗಿದರು. ಇಂದಿನ ವಿಡಿಯೊ ಪಾಠಗಳ ಅಜ್ಜ ಇದೇ ಎನ್ನಬಹುದು!

ವೇದಿಕೆಯಲ್ಲಿ ಭಾರಿ ತೂಕ ಎತ್ತುತ್ತಿದ್ದ ಈ ಮನುಷ್ಯ ಮನೆಯವರಿಗೆ ಎಷ್ಟು ತೂಕ ಕೊಟ್ಟರು, ಊಹಿಸಿ ನೋಡೋಣ. ದೊಡ್ಡವರಿಗೂ ಸುಮಾರು ಎರಡು ಕಿಲೋಗ್ರಾಂ ತೂಕದ ಡಂಬೆಲ್ಸ್ ಅಷ್ಟೇ! ಮಕ್ಕಳಿಗೆ ಅದಕ್ಕಿಂತಲೂ ಹಗುರ. ಅವರ ಪುಸ್ತಕದಲ್ಲಿ ಬೇರೆ ಬೇರೆ ವಯಸ್ಸಿಗೆ ಬೇರೆ ಬೇರೆ ಕೋಷ್ಟಕಗಳಿದ್ದವು. ಮೊದಲು ಕೆಲವೇ ಸಲ, ಆಮೇಲೆ ನಿಧಾನವಾಗಿ ಹೆಚ್ಚು ಸಲ ಮಾಡಬೇಕಿತ್ತು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವರು ದೊಡ್ಡ ದೇಹದಾರ್ಢ್ಯ ಸ್ಪರ್ಧೆ ನಡೆಸಿದರು. ಅಲ್ಲಿ ಕೂಡ ದಪ್ಪ ಸ್ನಾಯುಗಳಿಗಿಂತ ಸಮತೂಕದ, ಆರೋಗ್ಯವಂತ ಮೈಗೆ ಬೆಲೆ ಕೊಟ್ಟರು.

ನಿಮ್ಮ ಮೂಳೆಗಳ ತುದಿಯಲ್ಲಿ

ಸ್ಯಾಂಡೋ ಅನುಭವದಿಂದ ಕಂಡುಕೊಂಡದ್ದಕ್ಕೆ ಇಂದಿನ ವಿಜ್ಞಾನ ಕಾರಣ ಹೇಳುತ್ತದೆ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಯೇ. ಹದಿಹರೆಯದ ಕೊನೆಯ ಹೊತ್ತಿಗೆ ಅದು ಗಟ್ಟಿ ಮೂಳೆಯಾಗುತ್ತದೆ. ಅಲ್ಲಿಯವರೆಗೆ ಆ ಭಾಗಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು.

ಹಾಗೆಂದು ಹೆದರಬೇಡಿ. ಭಾರ ಎತ್ತಿದರೆ ಕುಳ್ಳಗಾಗುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ. ತಿಳಿದವರ ಮುಂದೆ, ಸರಿಯಾದ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಮಾಡಿದರೆ ಮಕ್ಕಳ ಸ್ನಾಯು, ಮೂಳೆ ಎರಡೂ ಗಟ್ಟಿಯಾಗುತ್ತವೆ. ದೊಡ್ಡವರಿಗಾಗಿ ಮಾಡಿದ ಕಠಿಣ ಕಸರತ್ತನ್ನು ಯಾರೂ ಇಲ್ಲದಾಗ ಒಂದೇ ದಿನ ಅನುಕರಿಸುವುದು ಅಪಾಯ. ಮಿತಿಮೀರಿ ದಂಡ, ಬಸ್ಕಿ ಹೊಡೆದರೆ ಸ್ನಾಯುವಿನ ಎಳೆಗಳು ಒಡೆದು, ಅದರ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು. ಕಸರತ್ತಿನ ನಂತರ ತಡೆಯಲಾಗದ ನೋವು, ಊತ ಇದ್ದರೆ ಅಥವಾ ಮೂತ್ರ ಕಾಫಿಯಂತೆ ಕಪ್ಪಾದರೆ ಮುಚ್ಚಿಡಬೇಡಿ. ಕೂಡಲೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಸ್ಯಾಂಡೋ ಎಡವಿದ್ದು ಎಲ್ಲಿ?

ಅಂಚೆಯ ಪಾಠಕ್ಕೆ ಕಣ್ಣಿರಲಿಲ್ಲ. ಕಲಿಯುವವನ ಬೆನ್ನು ಬಾಗಿದೆಯೇ, ಮಂಡಿ ತಿರುಚಿದೆಯೇ ಎಂದು ನೋಡಿ ತಿದ್ದುವವರು ಯಾರು? ಇಂದಿನ ವಿಡಿಯೊಗೂ ಇದೇ ಕೊರತೆ. ಸಾಲದ್ದಕ್ಕೆ ತಮ್ಮ ವ್ಯಾಯಾಮದಿಂದ ರೋಗಗಳೂ ವಾಸಿಯಾಗುತ್ತವೆ ಎಂದು ಸ್ಯಾಂಡೋ ಜಾಹೀರಾತು ಕೊಟ್ಟರು. ಬಲ ಬರುತ್ತದೆಂದು ತಮ್ಮ ಹೆಸರಿನ ಕೋಕೋ ಪುಡಿಯನ್ನೂ ಮಾರಿದರು. ಆ ವ್ಯಾಪಾರ ಮೊದಲ ಮಹಾಯುದ್ಧದ ಕಾಲದಲ್ಲಿ ಮುಳುಗಿತು. ಡಬ್ಬಿಯ ಪುಡಿಯಿಂದ ಬಲ ಬರುತ್ತದೆ ಎಂಬ ಜಾಹೀರಾತು ಇಂದೂ ಬರುತ್ತದೆ. ಬೆಳೆಯುವ ಮಕ್ಕಳಿಗೆ ಮುದ್ದೆ, ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ ಇರುವ ಊಟ ಮತ್ತು ಒಳ್ಳೆಯ ನಿದ್ದೆ ಮುಖ್ಯ.

ಸ್ಯಾಂಡೋ 1925ರ ಅಕ್ಟೋಬರ್ 14ರಂದು ಲಂಡನ್ನಿನಲ್ಲಿ ನಿಧನರಾದರು. ಆಗ ಅವರಿಗೆ 58 ವರ್ಷ. ದೇಹದಾರ್ಢ್ಯದ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾದಲ್ಲಿ ಗೆದ್ದವರಿಗೆ 1977ರಿಂದ ಸ್ಯಾಂಡೋ ಅವರ ಪ್ರತಿಮೆಯನ್ನೇ ಬಹುಮಾನವಾಗಿ ಕೊಡುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ 'ಶಾಂತಲಾ' ಕಾದಂಬರಿ ಬರೆದ ಕೆ. ವಿ. ಅಯ್ಯರ್ ಅವರು ವ್ಯಾಯಾಮ ಶಾಲೆ ನಡೆಸಿದರು, ಅಂಚೆಯ ಮೂಲಕವೂ ಪಾಠ ಕಳುಹಿಸಿದರು.

ನೀವೇನು ಮಾಡಬಹುದು?

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬಡ್ಡಿ, ಖೋಖೋ, ಹಗ್ಗದಾಟ, ಓಟ, ಸೈಕಲ್ ಎಲ್ಲವೂ ಇದರಲ್ಲಿ ಸೇರುತ್ತವೆ. ಹೊಸ ಕಸರತ್ತು ಕಲಿಯಬೇಕೆನಿಸಿದರೆ ಮೊದಲು ನಿಮ್ಮ ದೈಹಿಕ ಶಿಕ್ಷಣ ಶಿಕ್ಷಕರಿಗೆ ಮಾಡಿ ತೋರಿಸಿ. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಮಾಡಿದ ವ್ಯಾಯಾಮ, ಎಷ್ಟು ಸಲ, ಮರುದಿನ ನೋವಿತ್ತೇ ಎಂದು ಬರೆದಿಡಿ. ನೋವಿದ್ದ ದಿನ ವಿಶ್ರಾಂತಿ ಪಡೆಯಿರಿ. ಒಂದು ತಿಂಗಳ ನಂತರ ಆ ಪುಟಗಳನ್ನು ಓದಿ ನೋಡಿ. ನಿಮ್ಮ ವಯಸ್ಸಿಗೆ, ನಿಮ್ಮ ಮೈಗೆ ಒಗ್ಗುವ ಕೋಷ್ಟಕವನ್ನು ನೀವೇ ತಯಾರಿಸಿರುತ್ತೀರಿ!