ನಾ. ಸು. ಹರ್ಡೀಕರ

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ (ಮೇ 7, 1889 – ಆಗಸ್ಟ್ 26, 1975) ಕರ್ನಾಟಕದ ಸ್ವಾತಂತ್ರ್ಯ ಹೋರಾಟಗಾರರು, ವೈದ್ಯರು ಹಾಗೂ ಹಿಂದೂಸ್ಥಾನಿ ಸೇವಾದಳದ ಸ್ಥಾಪಕರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದು, ಸ್ವದೇಶಕ್ಕೆ ಮರಳಲಾಗದೆ ಅಲ್ಲಿಯೇ ಉಳಿದಿದ್ದ ಲಾಲಾ ಲಜಪತ ರಾಯ್ ಅವರೊಡನೆ ಭಾರತದ ಸ್ವರಾಜ್ಯಕ್ಕಾಗಿ ದುಡಿದರು.

ಜನನ ಮತ್ತು ವಿದ್ಯಾಭ್ಯಾಸ

ಹರ್ಡೀಕರರು ಜನಿಸಿದ್ದು ಧಾರವಾಡದಲ್ಲಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪ್ರದೇಶಗಳೂ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೇ ಸೇರಿದ್ದವು. ಪ್ರತ್ಯೇಕ ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಕಲಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದ ಇವರು 1913ರಲ್ಲಿ ಅಮೆರಿಕಕ್ಕೆ ತೆರಳಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು.

ಅಮೆರಿಕದಲ್ಲಿ ರಾಜಕೀಯ ಕಾರ್ಯ

ಆ ಕಾಲದಲ್ಲಿ ಅಮೆರಿಕದಲ್ಲಿದ್ದ ಭಾರತೀಯರಲ್ಲಿ ದೇಶದ ಭವಿಷ್ಯವನ್ನು ಕುರಿತು ತೀವ್ರ ಭಿನ್ನಾಭಿಪ್ರಾಯವಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಗೊಂಡಿದ್ದ ಗದರ್ ಪಕ್ಷ ಸಶಸ್ತ್ರ ಕ್ರಾಂತಿಯಿಂದಲೇ ಬ್ರಿಟಿಷರನ್ನು ಹೊರಹಾಕಬೇಕೆಂದು ಬಯಸಿತು. ಲಜಪತ ರಾಯ್ ಅವರು ಪ್ರಚಾರದ ಮೂಲಕ ಅಮೆರಿಕದ ಜನಾಭಿಪ್ರಾಯವನ್ನು ಒಲಿಸಿಕೊಂಡು ಸ್ವಯಮಾಡಳಿತ ಪಡೆಯುವ ಮಾರ್ಗವನ್ನು ಆರಿಸಿಕೊಂಡರು. ಅವರು 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗನ್ನು ಸ್ಥಾಪಿಸಿ, 1918ರಿಂದ ಅದರ ಮುಖವಾಣಿಯಾಗಿ ಯಂಗ್ ಇಂಡಿಯಾ ಮಾಸಪತ್ರಿಕೆಯನ್ನು ಹೊರಡಿಸಿದರು. ಹರ್ಡೀಕರರು ಲೀಗಿನ ಕಾರ್ಯದರ್ಶಿಯಾಗಿಯೂ ಹಿಂದೂಸ್ಥಾನ್ ಅಸೋಸಿಯೇಷನ್ ಆಫ್ ಅಮೆರಿಕ ಸಂಸ್ಥೆಯ ಅಧ್ಯಕ್ಷರಾಗಿಯೂ ಕಾರ್ಯ ನಿರ್ವಹಿಸಿದರು.

ಕಾಲವೂ ಪ್ರತಿಕೂಲವಾಗಿತ್ತು. ಅಮೆರಿಕವು 1917ರಲ್ಲಿ ಬ್ರಿಟನ್ನಿನ ಪಕ್ಷದಲ್ಲಿ ಯುದ್ಧಕ್ಕಿಳಿದಿತ್ತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗದರ್ ಕಾರ್ಯಕರ್ತರ ಮೇಲೆ ಪಿತೂರಿ ಮೊಕದ್ದಮೆಯ ವಿಚಾರಣೆ ಆರಂಭವಾಯಿತು. ಅಧ್ಯಕ್ಷ ವಿಲ್ಸನ್ ಸಾರಿದ ತತ್ತ್ವಗಳು ಪರಾಧೀನ ರಾಷ್ಟ್ರಗಳಲ್ಲಿ ಆಸೆ ಮೂಡಿಸಿದರೂ, ಯುದ್ಧಾನಂತರದ ಶಾಂತಿ ಒಪ್ಪಂದದಿಂದ ಭಾರತಕ್ಕೆ ಸ್ವರಾಜ್ಯ ದೊರೆಯಲಿಲ್ಲ. ಲಜಪತ ರಾಯ್ ಅವರು 1920ರಲ್ಲಿ, ಹರ್ಡೀಕರರು 1921ರಲ್ಲಿ ಭಾರತಕ್ಕೆ ಹಿಂದಿರುಗಿದರು.

ಹಿಂದೂಸ್ಥಾನಿ ಸೇವಾದಳ

ಪರದೇಶದಲ್ಲಿ ಅನ್ಯರ ಮನವೊಲಿಸುವ ಕಾರ್ಯದಲ್ಲಿ ತೊಡಗಿದ್ದ ಹರ್ಡೀಕರರು, ಸ್ವದೇಶದಲ್ಲಿ ಶಿಸ್ತುಬದ್ಧ ಸ್ವಯಂಸೇವಕರನ್ನು ರೂಪಿಸುವತ್ತ ತಿರುಗಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಅನೇಕರು ಕ್ಷಮೆ ಯಾಚಿಸಿ ಬಿಡುಗಡೆ ಹೊಂದಿದಾಗ, ಇವರ ಹುಬ್ಬಳ್ಳಿ ಸೇವಾ ಮಂಡಲದವರು ಹಾಗೆ ಮಾಡಲು ನಿರಾಕರಿಸಿದರು. ಇದು ದೇಶದ ಗಮನ ಸೆಳೆಯಿತು. ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ಥಾನಿ ಸೇವಾದಳ ಜನ್ಮತಾಳಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಅಧಿವೇಶನದಲ್ಲಿ ದಳದ ಸ್ವಯಂಸೇವಕರು ಸೇವೆ ಸಲ್ಲಿಸಿದರು. ಮಹಿಳಾ ವಿಭಾಗದ ನೇತೃತ್ವವನ್ನು ಉಮಾಬಾಯಿ ಕುಂದಾಪುರ ಅವರು ವಹಿಸಿದ್ದರು.

ಸೈನಿಕ ಮಾದರಿಯ ಕವಾಯತು ಅಹಿಂಸೆಗೆ ಹೊಂದುವುದೇ ಎಂಬ ಶಂಕೆ ಕಾಂಗ್ರೆಸ್ಸಿನೊಳಗೇ ಇತ್ತು. 1931ರಲ್ಲಿ ದಳವು ಕಾಂಗ್ರೆಸ್ಸಿನ ಅಧಿಕೃತ ಅಂಗವಾಗಿ ಕಾಂಗ್ರೆಸ್ ಸೇವಾದಳ ಎಂಬ ಹೆಸರು ಪಡೆಯಿತು. 1932ರಲ್ಲಿ ಸರಕಾರ ಕಾಂಗ್ರೆಸ್ಸನ್ನೂ ದಳವನ್ನೂ ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದರೂ ದಳದ ಮೇಲಿನ ನಿಷೇಧ ಮುಂದುವರಿಯಿತು.

ನಂತರದ ಜೀವನ

ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದ ಬೆಳವಣಿಗೆಯಲ್ಲಿ ಹರ್ಡೀಕರರ ಪಾತ್ರ ಮಹತ್ವದ್ದು. 1952ರಿಂದ 1962ರವರೆಗೆ ಇವರು ರಾಜ್ಯಸಭೆಯ ಸದಸ್ಯರಾಗಿದ್ದರು. ಭಾರತ ಸರಕಾರ 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು. ಜನ್ಮಶತಮಾನೋತ್ಸವದ ವರ್ಷವಾದ 1989ರಲ್ಲಿ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತರಲಾಯಿತು.