ಚಾಕಣ ಪರಿಸರದಿಂದ ಬಂದ ಜಾದೂಗಾರ ರಘುವೀರ

ಪುಣೆಯಿಂದ ನಾಸಿಕದ ಹೆದ್ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು ಸಾಗಿದರೆ ಚಾಕಣ ಸಿಗುತ್ತದೆ. ನಮ್ಮಲ್ಲಿ ಅನೇಕರಿಗೆ ಚಾಕಣವೆಂದರೆ ವಾಹನ ತಯಾರಿಕೆಯ ಕಾರ್ಖಾನೆಗಳು ಮತ್ತು ಈರುಳ್ಳಿಯ ಮಾರುಕಟ್ಟೆ. ಇತಿಹಾಸ ಬಲ್ಲವರು 1660ರಲ್ಲಿ ಫಿರಂಗೋಜಿ ನರಸಾಳಾ ಶಾಯಿಸ್ತಾಖಾನನ ಸೇನೆಯನ್ನು ಎದುರಿಸಿದ ಸಂಗ್ರಾಮದುರ್ಗವನ್ನು ನೆನೆಯುತ್ತಾರೆ. ಮಹಾರಾಷ್ಟ್ರದ ಮನೆಮಾತಾಗಿದ್ದ ಜಾದೂಗಾರ ರಘುವೀರರೂ ಇದೇ ಪರಿಸರದವರು ಎಂಬುದು ನಮ್ಮವರಲ್ಲಿ ಕೆಲವರಿಗಷ್ಟೇ ತಿಳಿದಿರಬಹುದು.

ಅವರ ಹುಟ್ಟುಹೆಸರು ರಘುನಾಥ ಶ್ರೀಪತಿ ಭೋಪಳೆ. ಚಾಕಣದ ಸಮೀಪದ ಆಂಬೇಠಾಣ ಗ್ರಾಮದಲ್ಲಿ 1924ರ ಮೇ 24ರಂದು ಜನಿಸಿದರು. ರೈತ ಹೋರಾಟದ ನಾಯಕ ಶರದ್ ಜೋಶಿಯವರು ಮುಂದೆ ನೆಲೆಸಿ ಬೇಸಾಯ ಮಾಡಿದ್ದೂ ಇದೇ ಆಂಬೇಠಾಣದಲ್ಲಿ. ರಘುನಾಥರ ವಿದ್ಯಾಭ್ಯಾಸ ನಡೆದದ್ದು ಪುಣೆಯ ಅನಾಥ ವಿದ್ಯಾರ್ಥಿ ಗೃಹದಲ್ಲಿ. 1909ರಲ್ಲಿ ಆರಂಭವಾದ ಈ ಸಂಸ್ಥೆ ದಿಕ್ಕಿಲ್ಲದ ಹಾಗೂ ಬಡ ವಿದ್ಯಾರ್ಥಿಗಳಿಗೆ ಅನ್ನ, ಆಶ್ರಯ ಮತ್ತು ಅಕ್ಷರವನ್ನು ನೀಡಿತು. ನಮ್ಮ ನಾಡಿನಲ್ಲಿ ವಾರಾನ್ನದ ಮನೆಗಳು ಮತ್ತು ಉಚಿತ ವಿದ್ಯಾರ್ಥಿನಿಲಯಗಳು ಎಷ್ಟೋ ಬಡ ಹುಡುಗರ ಬಾಳನ್ನು ಕಟ್ಟಿಕೊಟ್ಟಂತೆ, ಮರಾಠಿ ಸಮಾಜದಲ್ಲಿ ಈ ಗೃಹವೂ ದುಡಿಯಿತು.

ಜಾದೂವಿದ್ಯೆಯನ್ನು ಅವರು ಕಲಿತದ್ದು ರಾಣಾ ಎಂಬ ಜಾದೂಗಾರರಿಂದ. ಆ ಕಾಲದಲ್ಲಿ ಓದಿದ ಯುವಕನೊಬ್ಬ ಈ ವೃತ್ತಿಯನ್ನು ಆರಿಸಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಕಣ್ಕಟ್ಟು ಎಂದರೆ ಬೀದಿಯ ಬದಿಯಲ್ಲಿ ಗಾರುಡಿಗನು ಚೀಲ ಬಿಚ್ಚಿ ನಡೆಸುವ ಆಟವೆಂದೇ ಜನರ ಭಾವನೆ. ಕನ್ನಡದ ಗಾರುಡಿಗನೇ ಮರಾಠಿಯಲ್ಲಿ ಗಾರುಡಿ. ಹೆಸರಿನಂತೆ ಅವನ ಬಡತನವೂ ಎರಡೂ ನಾಡುಗಳಲ್ಲಿ ಒಂದೇ. ಮೆಚ್ಚಿ ಸುತ್ತ ನೆರೆದ ಜನ, ಆಟ ಮುಗಿಯುತ್ತಲೇ ಕಾಸು ಹಾಕದೆ ಚದುರಿಬಿಡುತ್ತಿದ್ದರು. ಈ ವಿದ್ಯೆಯನ್ನು ರಂಗಮಂದಿರಕ್ಕೆ ತಂದು, ಕುಟುಂಬ ಸಮೇತ ಟಿಕೆಟ್ ಕೊಂಡು ನೋಡುವ ಕಲೆಯನ್ನಾಗಿ ಮಾಡಿದ ಪೀಳಿಗೆಗೆ ರಘುವೀರರು ಸೇರಿದವರು.

ಬಂಗಾಳದ ಪಿ. ಸಿ. ಸರ್ಕಾರರು ಆ ಪೀಳಿಗೆಗೆ ದಾರಿ ತೋರಿದವರು. 1956ರಲ್ಲಿ ಬಿಬಿಸಿ ದೂರದರ್ಶನದಲ್ಲಿ ಅವರು ಯುವತಿಯೊಬ್ಬಳನ್ನು ಗರಗಸದಿಂದ ಎರಡಾಗಿ ಕೊಯ್ದಂತೆ ತೋರಿಸಿದಾಗ, ಕಾರ್ಯಕ್ರಮ ಅಲ್ಲಿಗೇ ಮುಗಿದುದರಿಂದ ಆಕೆ ಸತ್ತೇಹೋದಳೆಂದು ಬ್ರಿಟನ್ನಿನ ವೀಕ್ಷಕರು ಗಾಬರಿಗೊಂಡರು. ಯುರೋಪಿನಲ್ಲಿ ಜಾದೂಗಾರರು ಹೀಗೆ ದೂರದರ್ಶನದ ಮೂಲಕ ಮನೆಮನೆಗೆ ಬಂದರು. ಮುಂಬೈಯಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಆದುದರಿಂದ ರಘುವೀರರ ಕೀರ್ತಿಯೆಲ್ಲ ವೇದಿಕೆಯ ಮೇಲೆ, ಪ್ರೇಕ್ಷಕರ ಕಣ್ಣೆದುರಿನಲ್ಲೇ ಗಳಿಸಿದ್ದು. ಇಂಥ ಪ್ರದರ್ಶನದಲ್ಲಿ ಕ್ಯಾಮೆರಾದ ನೆರವಿಲ್ಲ. ಕೈ ತಪ್ಪಿದರೆ ಮತ್ತೆ ಚಿತ್ರೀಕರಿಸುವ ಅವಕಾಶವಿಲ್ಲ. ಮಾತು, ನೋಟ, ಕೈಚಳಕ ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬರಬೇಕು. ಭಾಷೆಯ ಹಂಗು ಕಡಿಮೆಯಿರುವ ಈ ಕಲೆ ಅವರನ್ನು ಹಲವು ವಿದೇಶಗಳಿಗೂ ಕರೆದೊಯ್ದಿತು.

ಜಾದೂಗಾರನ ಕಸುಬಿಗೆ ಒಂದು ನೈತಿಕ ಮಗ್ಗುಲೂ ಉಂಟು. ತಾನು ತೋರಿಸುವುದು ಯುಕ್ತಿಯೇ ಹೊರತು ಪವಾಡವಲ್ಲವೆಂಬುದನ್ನು ಆತ ಪ್ರೇಕ್ಷಕರಿಂದ ಮುಚ್ಚಿಡುವುದಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ನಮ್ಮ ಹಿರಿಯರಿಗೆ ನೆನಪಿರಬಹುದು. ಗಾಳಿಯಿಂದ ವಸ್ತು ತೆಗೆದು ದೈವತ್ವ ಸಾರುವವನಿಗೂ, ಅದನ್ನೇ ವೇದಿಕೆಯಲ್ಲಿ ಮಾಡಿ ಚಪ್ಪಾಳೆಯನ್ನಷ್ಟೇ ಬೇಡುವವನಿಗೂ ಇರುವ ಅಂತರ ದೊಡ್ಡದು. ಟಿಕೆಟ್ಟಿನ ಹಣಕ್ಕೆ ಎರಡು ಗಂಟೆಯ ಬೆರಗನ್ನು ಕೊಟ್ಟು, ಭಕ್ತಿಯನ್ನು ಕೇಳದೆ ಹೋಗುವುದೇ ಈ ಕಲೆಯ ಪ್ರಾಮಾಣಿಕತೆ.

ಸಾಹಿತಿಯ ಕೃತಿ ಉಳಿಯುತ್ತದೆ, ಗಾಯಕನ ಧ್ವನಿಮುದ್ರಿಕೆ ಉಳಿಯುತ್ತದೆ. ಜಾದೂಗಾರನ ಕಲೆ ಮಾತ್ರ ಪರದೆ ಬಿದ್ದೊಡನೆ ಕರಗುತ್ತದೆ. ಗುಟ್ಟನ್ನು ಬರೆದಿಟ್ಟರೆ ಕಲೆಯೇ ಇಲ್ಲವಾಗುತ್ತದೆ. ರಘುವೀರರು ಈ ಕಷ್ಟವನ್ನು ಎರಡು ಬಗೆಯಲ್ಲಿ ಮೀರಿದರು. ಒಂದು, ತಮ್ಮ ಸಂಚಾರದ ಅನುಭವಗಳನ್ನು ‘ಪ್ರವಾಸೀ ಜಾದೂಗಾರ’ ಎಂಬ ಮರಾಠಿ ಗ್ರಂಥದಲ್ಲಿ ದಾಖಲಿಸಿದರು. ಮತ್ತೊಂದು, ವಿದ್ಯೆಯನ್ನು ಮನೆಯವರಿಗೆ ಧಾರೆಯೆರೆದರು. 1984ರ ಆಗಸ್ಟ್ 20ರಂದು, ಅರವತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದ ಬಳಿಕ ಪುತ್ರ ವಿಜಯ ರಘುವೀರರು, ಅನಂತರ ಮೊಮ್ಮಗ ಜಿತೇಂದ್ರ ರಘುವೀರರು ಅದೇ ಹೆಸರಿನಿಂದ ವೇದಿಕೆಯೇರಿದರು. ವೇದಿಕೆಗಾಗಿ ಒಬ್ಬರು ಇಟ್ಟುಕೊಂಡ ಹೆಸರು ಹೀಗೆ ಮನೆತನದ ಹೆಸರಾಗಿ ನಿಂತಿತು.

2024ಕ್ಕೆ ರಘುವೀರರು ಜನಿಸಿ ನೂರು ವರ್ಷಗಳು ತುಂಬಿದವು. ಉದ್ಯೋಗ ನಿಮಿತ್ತ ಚಾಕಣಕ್ಕೆ ನಿತ್ಯ ಹೋಗಿಬರುವ ಕನ್ನಡಿಗರು ತಾವು ಅನ್ನ ಕಂಡುಕೊಂಡ ನೆಲದ ಈ ಕಲಾವಿದರ ಕಥೆಯನ್ನು ಮಕ್ಕಳಿಗೂ ಹೇಳಲಿ. ಆಶ್ರಯ ನೀಡಿದ ಒಂದು ಸಂಸ್ಥೆ, ವಿದ್ಯೆ ಕಲಿಸಿದ ಒಬ್ಬ ಗುರು, ದಣಿವರಿಯದ ಅಭ್ಯಾಸ ಇವಿಷ್ಟೇ ಅವರ ಬಂಡವಾಳವಾಗಿತ್ತು.